ಕಡಲೆಬೀಜವಿಲ್ಲದ ಎಳ್ಳುಬೆಲ್ಲ

ಸಂಕ್ರಾಂತಿಯ ದಿನ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲವೂ ಕೆಡಲು ಶುರುವಾಯಿತು. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ಶಾಲೆಯ ಅಂಗಳದ ಗಡಿಯಾರ ನನ್ನ ಎದುರಿಗೇ ಇತ್ತು. ಕಾಲೇಜಿನ ಸಂಜೆ ಕ್ಲಾಸಿಗೆ ಓಡುವ ಮೊದಲು ಒಂದು ಕಪ್ ಚಹಾ ಕುಡಿಯಲು ಸಮಯ ಸಿಕ್ಕೀತೇ ಎಂದು ಅದನ್ನೇ ನೋಡುತ್ತ ನಿಂತಿದ್ದೆ. ಮಕ್ಕಳ ಸುರಕ್ಷತೆಯ ಬಗ್ಗೆ ಆ ವರ್ಷ ನಾನು ಆನ್‌ಲೈನಿನಲ್ಲಿ ಸಂಪಾದಿಸಿದ್ದ ಸರ್ಟಿಫಿಕೇಟುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಆ ಕಪ್ಪನ್ನಿಡಲು ಒಳ್ಳೆಯ ಮಣೆಯೇ ಆಗುತ್ತಿತ್ತು.

ನಾನು ಆ ಅಂಗಳಕ್ಕೆ ಬಂದು ನಿಂತದ್ದು ಹೇಗೆಂದು ಹೇಳಿಬಿಡುತ್ತೇನೆ. ನಾನು ಧಾರವಾಡದವಳು, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಗಂಡ ಬೆಂಗಳೂರಿನವರು, ಐಟಿ ಕೆಲಸ. ಲಂಡನ್ನಿನ ಕೊಲಿಂಡೇಲಿನಲ್ಲಿ ಹೊಸ ಕಟ್ಟಡವೊಂದರ ಫ್ಲ್ಯಾಟಿನಲ್ಲಿದ್ದೇವೆ. ಲಿಫ್ಟ್ ಕೆಟ್ಟ ದಿನ ಮಾತ್ರ ಅಲ್ಲಿ ನೆರೆಹೊರೆಯವರ ಪರಿಚಯವಾಗುತ್ತದೆ. ನನಗೆ ಪ್ರೈಮರಿ ಶಾಲೆಯ ಟೀಚರ್ ಆಗಬೇಕೆನ್ನಿಸಿತು. ನನ್ನ ಡಿಗ್ರಿಯನ್ನು ಇಲ್ಲಿಯವರು ಬಹಳ ಗೌರವದಿಂದ ನೋಡಿದರು. ಗೌರವಿಸಿ ಮುಗಿದ ಮೇಲೆ, ಹತ್ತನೇ ತರಗತಿ ಮಟ್ಟದ ಗಣಿತವೂ ಇಂಗ್ಲಿಷೂ ನನಗೆ ಬರುತ್ತವೆ ಎಂಬುದಕ್ಕೆ ಈ ದೇಶದ್ದೇ ಪುರಾವೆ ಬೇಕು ಎಂದರು. ಅದಕ್ಕೆ ದಾರಿಯೂ ಇತ್ತು. ಮೊದಲು ಹತ್ತಿರದ ಕಾಲೇಜಿನಲ್ಲಿ ಓದಿ, ಜೊತೆಜೊತೆಗೇ ಒಂದು ಶಾಲೆಯಲ್ಲಿ ತರಬೇತಿ ಮುಗಿಸಿದರೆ ಅಲ್ಲಿಂದ ಯೂನಿವರ್ಸಿಟಿಗೆ ದಾಟಬಹುದು.

ಈ ಕಾಲೇಜಿನ ಕೆಳಮಹಡಿಯಲ್ಲಿ ಕೂದಲು ಕತ್ತರಿಸುವುದನ್ನೂ ಹಿಂದಿನ ಶೆಡ್ಡಿನಲ್ಲಿ ಇಟ್ಟಿಗೆ ಗೋಡೆ ಕಟ್ಟುವುದನ್ನೂ ಕಲಿಸುತ್ತಿದ್ದರು. ಉಗುರುಬಣ್ಣದ ವಾಸನೆಯನ್ನು ದಾಟಿ ಮೆಟ್ಟಿಲು ಹತ್ತಿದರೆ ನಮ್ಮ ಕ್ಲಾಸು. ಒಂದು ಕಾಲದಲ್ಲಿ ಇಂಟಿಗ್ರೇಷನ್ ಮಾಡಿದ್ದ ಕೈಯಲ್ಲಿ ನಾನು ಅಲ್ಲಿ ಕುಳಿತು ಪಿಜ್ಜಾದ ಮುಕ್ಕಾಲು ಭಾಗಕ್ಕೆ ಬಣ್ಣ ಹಚ್ಚಿದೆ. ಬಣ್ಣ ಗೆರೆ ದಾಟಿದ್ದಕ್ಕೆ ಅಂಕ ಹೋಯಿತು.

ಆದರೂ ಡಿಸೆಂಬರಿನಲ್ಲಿ ಯೂನಿವರ್ಸಿಟಿ ನನಗೆ ಸೀಟು ಕೊಡಲು ಒಪ್ಪಿತು. ಕಾಲೇಜು, ತರಬೇತಿ ಎರಡೂ ಪೂರ್ತಿಯಾಗಬೇಕು. ಬೇಸಿಗೆಗೆ ಮೊದಲು ನಾನು ಕಂಪ್ಯೂಟರಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಬೇಕು. ನಾನಾಗಿಯೇ ಬಯಸಿ, ನಾನಾಗಿಯೇ ಗಿಟ್ಟಿಸಿಕೊಂಡದ್ದು ಎಂದರೆ ಈ ಊರಿನಲ್ಲಿ ಅದೊಂದೇ. ಕೂಡಲೇ ಒತ್ತುವವಳಿದ್ದೆ. ಧಾರವಾಡದಿಂದ ಅವ್ವ ಫೋನಿನಲ್ಲಿ ತಡೆದಳು.

"ಧನುರ್ಮಾಸದಾಗ ಛಲೋ ಕೆಲಸ ಬ್ಯಾಡವಾ. ಸಂಕ್ರಮಣ ಆಗ್ಲಿ, ಆಮ್ಯಾಲೆ ಒತ್ತು."

ವಿಜ್ಞಾನ ಓದಿದ ಮಗಳು ವಿಧೇಯಳಾಗಿ ಕಾದಳು. ಸಂಕ್ರಾಂತಿಯ ಸಂಜೆ ಕಾಲೇಜಿನಿಂದ ಬಂದು, ಕೈಕಾಲು ತೊಳೆದುಕೊಂಡು ಒತ್ತುವುದೆಂದು ಮುಹೂರ್ತವೂ ಗೊತ್ತಾಗಿತ್ತು.

ನಾನು ತರಬೇತಿ ಪಡೆಯುತ್ತಿದ್ದ ತರಗತಿಯಲ್ಲಿ ಆರೇಳು ವರ್ಷದ ಮಕ್ಕಳು. ಅವರಲ್ಲಿ ಮೈಸೂರಿನ ಡಾಕ್ಟರ್ ದಂಪತಿಗಳ ಮಗಳೂ ಒಬ್ಬಳು. ದಂಪತಿಗಳು ಎಂದದ್ದು ಅಭ್ಯಾಸಬಲದಿಂದ. ಡಾಕ್ಟರು ಗಂಡ ಮಾತ್ರ, ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರು. ಆದರೆ ಹೆಂಡತಿಯೊಂದಿಗೆ ಮಾತಾಡಿದ ಯಾರಿಗೂ ಆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ದೀಪಾವಳಿಗೆ ಅವರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದಾಗ, ನಾನೇನು ಓದುತ್ತಿದ್ದೇನೆಂದು ಕೇಳಿ ಆಕೆ ನಿಜವಾಗಿಯೂ ಮರುಗಿದರು.

"ಒಂದನೇ ಕ್ಲಾಸ್ ಮಕ್ಳಿಗೆ ಹೇಳ್ಕೊಡೋಕಾ? ಅದಕ್ಕೂ ಓದ್ಬೇಕೇನ್ರೀ?"

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ, ಹೊಟ್ಟೆಯಲ್ಲಿ ಅವರದೇ ಬಿಸಿಬೇಳೆಬಾತು ಇತ್ತು.

ಸಂಕ್ರಾಂತಿಯ ದಿನ ಆಕೆ ಶಾಲೆಯ ಗೇಟಿಗೆ ಬಂದದ್ದು ಮೈಸೂರು ಸಿಲ್ಕ್ ಸೀರೆಯಲ್ಲಿ. ಮೇಲೆ ಮೊಣಕಾಲಿನವರೆಗೆ ದಪ್ಪ ಜಾಕೆಟ್ಟು, ಕಾಲಿಗೆ ಬೂಟು, ಕೈಯಲ್ಲಿ ಸ್ಟೀಲ್ ಡಬ್ಬಿ. ಊರಿನಲ್ಲಾದರೆ ಮನೆಮನೆಗೆ ಹೋಗಿ ಎಳ್ಳು ಬೀರಬೇಕು. ಇಲ್ಲಿ ಹೇಳದೆ ಯಾರ ಮನೆಯ ಬೆಲ್ ಒತ್ತಿದರೂ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಶಾಲೆ ಬಿಡುವ ಹೊತ್ತೇ ಅನುಕೂಲ. ಶಾಲೆಯೊಳಗೆ ತಿಂಡಿ ಹಂಚುವಂತಿಲ್ಲ, ಅಲರ್ಜಿಯ ಭಯಕ್ಕೆ ಕಡಲೆಬೀಜವನ್ನಂತೂ ತರುವಂತೆಯೇ ಇಲ್ಲ ಎಂಬ ನಿಯಮ ಆಕೆಗೆ ಗೊತ್ತಿತ್ತು, ಅದಕ್ಕೇ ಗೇಟಿನಿಂದ ಎರಡು ಹೆಜ್ಜೆ ಹೊರಗೆ ನಿಂತಿದ್ದರು. ಕಂಪೌಂಡ್ ಕಂಬಿಯ ಸಂದಿಯಿಂದ ನನಗೂ ಒಂದು ಪುಟ್ಟ ಪ್ಯಾಕೆಟ್ ಕೊಟ್ಟರು.

"ನಟ್ಸ್ ಒಂದೂ ಇಲ್ಲ, ಧೈರ್ಯವಾಗಿ ತಿನ್ನಿ. ಕಡ್ಲೆಬೀಜಾನ ಒಂದೊಂದೇ ಆರಿಸಿ ತೆಗ್ದಿದೀನಿ. ನಮ್ಮನೇಲೂ ಡಾಕ್ಟ್ರಿದಾರೆ ಕಣ್ರೀ, ನಂಗೂ ರೂಲ್ಸ್ ಗೊತ್ತು."

ನಿಜವನ್ನೇ ಹೇಳುತ್ತಿದ್ದರು. ರೇನರ್ಸ್ ಲೇನಿನ ನಮ್ಮವರ ಅಂಗಡಿಯಿಂದ ತಂದ ಸಿದ್ಧ ಎಳ್ಳುಬೆಲ್ಲವನ್ನು ಟೇಬಲ್ಲಿನ ಮೇಲೆ ಹರಡಿಕೊಂಡು ಹಿಂದಿನ ಸಂಜೆಯೆಲ್ಲ ಕುಳಿತು ಕಡಲೆಬೀಜವನ್ನು ಹೆಕ್ಕಿದ್ದರು. ಪ್ಯಾಕೆಟ್ಟುಗಳು ಬಡವಾಗಿ ಕಾಣಬಾರದೆಂದು, ತೆಗೆದ ಕಡಲೆಬೀಜದ ಬದಲಿಗೆ ಹುರಿದ ಎಳ್ಳನ್ನು ಧಾರಾಳವಾಗಿ ಸೇರಿಸಿದ್ದರು.

ಎಳ್ಳನ್ನು ಅನುಮಾನಿಸುವುದು ನಮ್ಮವರ ತಲೆಗೆ ಬರುವ ವಿಷಯವಲ್ಲ. ಶನಿದೇವರಿಗೆ ಅದರ ಎಣ್ಣೆಯಲ್ಲಿ ದೀಪ ಹಚ್ಚುತ್ತೇವೆ, ಹಿರಿಯರಿಗೆ ನೀರಿನೊಂದಿಗೆ ಬಿಡುತ್ತೇವೆ. ಸತ್ತವರಿಗೂ ಒಗ್ಗುವ ವಸ್ತು ಬದುಕಿರುವ ಮಗುವಿಗೆ ಒಗ್ಗದಿರಬಹುದು ಎಂದು ಯಾರು ತಾನೇ ಯೋಚಿಸುತ್ತಾರೆ? ಶಾಲೆ ಯೋಚಿಸಿತ್ತು. ಸಿಬ್ಬಂದಿ ಕೋಣೆಯಲ್ಲಿ ಕೆಟಲಿನ ಮೇಲಿನ ಗೋಡೆಗೆ, ಯಾವ ಮಗುವಿಗೆ ಯಾವ ಆಹಾರ ಆಗುವುದಿಲ್ಲವೆಂದು ಫೋಟೋ ಸಮೇತ ಅಂಟಿಸಿದ್ದರು. ಅದರಲ್ಲಿ ನಮ್ಮ ತರಗತಿಯ ಗುಂಗುರು ಕೂದಲಿನ ಹುಡುಗಿಯೊಬ್ಬಳು, ಮುಂದಿನ ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿದ್ದಳು. ಕೆಳಗೆ ದೊಡ್ಡ ಅಕ್ಷರದಲ್ಲಿ ಎಳ್ಳು ಎಂದಿತ್ತು. ನೀರು ಕುದಿಯುವವರೆಗೆ ಪ್ರತಿ ಬೆಳಗ್ಗೆ ನಾನು ಆ ನಗುವನ್ನು ನೋಡಿದ್ದೇನೆ.

ಮೂರು ಇಪ್ಪತ್ತಕ್ಕೆ ಆ ಹುಡುಗಿ ನನ್ನ ಪಕ್ಕದಲ್ಲಿದ್ದಳು. ಬಸ್ಸು ಸಿಗದೆ ಅವಳ ತಾಯಿ ಬರುವುದು ತಡವಾಗಿತ್ತು. ಡಾಕ್ಟರ ಮಗಳು ಗೇಟಿನಿಂದ ವಾಪಸು ಓಡಿ ಬಂದು ತನ್ನ ಪ್ಯಾಕೆಟ್ಟನ್ನು ಗೆಳತಿಗೆ ಕೊಟ್ಟಳು. ಅದರಲ್ಲಿ ಗಿಣಿಯಾಕಾರದ ಸಕ್ಕರೆ ಅಚ್ಚು ಇತ್ತು. ಯಾವ ಮಗು ಬಿಟ್ಟೀತು? ನಾನು ಗಡಿಯಾರದಿಂದ ಕಣ್ಣು ತೆಗೆಯುವಷ್ಟರಲ್ಲಿ ಎಳ್ಳು ಮೆತ್ತಿದ್ದ ಗಿಣಿ ಬಾಯೊಳಗೆ ಹೋಗಿತ್ತು.

ಏನು ತಿಂದೆ ಎಂದು ನಾನು ಬಾಗಿ ಕೇಳುವಷ್ಟರಲ್ಲೇ ಅವಳು ನನ್ನ ತೋಳು ಎಳೆದು, ನಾಲಿಗೆ ದಪ್ಪ ಆಗುತ್ತಿದೆ ಮಿಸ್, ಎಂದಳು. ದೂರು ಕೊಡುವ ದನಿಯಲ್ಲ, ಮಳೆ ಬರುತ್ತಿದೆ ಎನ್ನುವ ಹಾಗೆ. ಆಮೇಲೆ ಕೆಮ್ಮಿದಳು. ತುಟಿ ನೋಡನೋಡುತ್ತಲೇ ಊದಿತು.

ತರಗತಿಯ ಶಿಕ್ಷಕಿ ನನಗಿಂತ ಎಷ್ಟೋ ಚಿಕ್ಕವಳು, ಇಲ್ಲಿಯವಳು. ಯಾವುದೋ ಮಗುವಿನ ತಂದೆಯೊಂದಿಗೆ ಕಳೆದುಹೋದ ಸ್ವೆಟರಿನ ವಿಷಯ ಮಾತಾಡುತ್ತಿದ್ದವಳು ತಿರುಗಿ ನೋಡಿದಳು. ಮರುಕ್ಷಣ ಮಗುವನ್ನು ತನ್ನ ಕಾಲಿಗೆ ಒರಗಿಸಿಕೊಂಡು ನೆಲದ ಮೇಲೆ ಕುಳಿತಿದ್ದಳು. ನನಗೆ ಹೇಳಿದ್ದು ಒಂದೇ ಮಾತು: "ಬ್ಯಾಗ್."

ಹಸಿರು ಬ್ಯಾಗು ತರಗತಿಯ ಕಪಾಟಿನಲ್ಲಿತ್ತು. ಅದರೊಳಗೆ ಅಡ್ರಿನಲಿನ್ ತುಂಬಿದ ಎರಡು ಪೆನ್ನು, ತೊಡೆಗೆ ಒತ್ತಿದರೆ ಔಷಧ ಒಳಹೋಗುವಂಥವು. ನಾನು ಓಡಿದೆ. ತರಗತಿಯ ಬಾಗಿಲು ಹೊರಗಿನಿಂದ ಎಳೆದು ತೆರೆಯುವಂಥದ್ದು. ಸೆಪ್ಟೆಂಬರಿನಿಂದ ದಿನಾ ಎಳೆದಿದ್ದೇನೆ. ಆ ದಿನ ತಳ್ಳಿದೆ. ತೆರೆಯಲಿಲ್ಲ. ಇನ್ನೂ ಜೋರಾಗಿ ತಳ್ಳಿದೆ. ಬೀಗ ಹಾಕಿದ್ದಾರೆಂದು ಕೂಗಿದೆ. ಬಿ.ಎಸ್ಸಿ., ರಸಾಯನಶಾಸ್ತ್ರ. ಬಾಗಿಲಿನ ಗಾಜಿನ ಆಚೆ ಕಪಾಟು ಕಾಣುತ್ತಿತ್ತು.

ಕೊನೆಗೆ ಕೈ ತಾನಾಗಿ ಎಳೆಯಿತು. ಬ್ಯಾಗು ತಂದುಕೊಟ್ಟೆ. ಶಿಕ್ಷಕಿ ಸೊಂಟದವರೆಗಿನ ಉದ್ದ ಕಾಲ್ಚೀಲದ ಬಟ್ಟೆಯ ಮೇಲಿಂದಲೇ ಪೆನ್ನನ್ನು ಮಗುವಿನ ತೊಡೆಗೆ ಒತ್ತಿ ಹಿಡಿದಳು. ನಾನು ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಮಗು ಉಸಿರಾಡುತ್ತಿದೆಯೇ ಎಂದು ಆ ಕಡೆಯ ದನಿ ಕೇಳಿತು. ಹೌದು ಎಂದೆ. ಉಸಿರಿನ ಬದಲು ಸೀಟಿಯಂಥದೇನೋ ಕೇಳುತ್ತಿತ್ತು. ಅದಕ್ಕೂ ಹೌದು ಎನ್ನಬಹುದೇ ಎಂದು ನನ್ನ ಯಾವ ಸರ್ಟಿಫಿಕೇಟೂ ಹೇಳಿರಲಿಲ್ಲ. ಸೀಟಿ ನಿಲ್ಲದಿದ್ದಾಗ ಎರಡನೇ ಪೆನ್ನನ್ನೂ ಒತ್ತಬೇಕಾಯಿತು.

ಲಂಡನ್ನಿನಲ್ಲಿ ಡಾಕ್ಟರುಗಳ ಹೆಂಡಂದಿರು ಅಷ್ಟೊಂದು ಜನ ಸೇರುವ ಇನ್ನೊಂದು ಶಾಲೆಯ ಗೇಟು ಇರಲಾರದು. ಗಂಡಂದಿರೆಲ್ಲ ಆಸ್ಪತ್ರೆಗಳಲ್ಲಿ ಬೇರೆಯವರ ಜೀವ ಉಳಿಸುತ್ತಿದ್ದರು. ಮೈಸೂರಿನ ಆಕೆ ಡಬ್ಬಿಯನ್ನು ಎದೆಗೆ ಅವುಚಿಕೊಂಡು, ನಟ್ಸ್ ಇರಲಿಲ್ಲ, ನಟ್ಸ್ ಇರಲಿಲ್ಲ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತಲೇ ಇದ್ದರು.

ಆಂಬ್ಯುಲೆನ್ಸು ಅಂಗಳಕ್ಕೆ ಬರುವ ಹೊತ್ತಿಗೆ ಮಗು ಅತ್ತಿತು. ಪೂರ್ತಿ ಗಂಟಲಿನ, ಕರ್ಕಶವಾದ ಅಳು. ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಮರುದಿನವೇ ಅವಳು ಆಸ್ಪತ್ರೆಯಿಂದ ಮನೆಗೆ ಹೋದಳು, ಮುಂದಿನ ವಾರ ಶಾಲೆಗೆ ಬಂದಳು. ಎಲ್ಲರ ಪಾಲಿಗೂ ಕಥೆ ಅಲ್ಲಿಗೆ ಸುಖಾಂತ್ಯ.

ನನ್ನ ಪಾಲಿಗೆ ಬಾಗಿಲು ಉಳಿಯಿತು. ಮಲಗಿದರೆ ಸಾಕು, ಅದನ್ನು ತಳ್ಳುತ್ತಿದ್ದೆ. ಕೆಲವು ಸಲ ಅದು ನಮ್ಮ ಫ್ಲ್ಯಾಟಿನ ಬಾಗಿಲು, ಕೆಲವು ಸಲ ಟ್ಯೂಬ್ ರೈಲಿನದು. ಎಚ್ಚರವಾಗಿ ಎದ್ದು ಕುಳಿತರೆ ಅಂಗೈ ನೋಯುತ್ತಿತ್ತು. ಒಪ್ಪಿಗೆಯ ಗುಂಡಿಯನ್ನು ಆ ಸಂಜೆ ಒತ್ತಲಿಲ್ಲ, ಮರುದಿನವೂ ಒತ್ತಲಿಲ್ಲ. ಒತ್ತಿದರೆ ಮುಂದಿನ ಮೂವತ್ತು ವರ್ಷ ದಿನಾ ಬೆಳಗ್ಗೆ ಯಾರಯಾರದೋ ಮಕ್ಕಳು ನನ್ನ ವಶಕ್ಕೆ ಬರುತ್ತಾರೆ ಎಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಸಮಾಧಾನ ಹೇಳುವವರಿಗೇನೂ ಕೊರತೆಯಿರಲಿಲ್ಲ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ, ಈಗಿನ ಮಕ್ಕಳಿಗೆ ಏನೂ ಆಗಿಬರುವುದಿಲ್ಲ, ನಾವೆಲ್ಲ ಮಣ್ಣು ತಿಂದು ಬೆಳೆದವರು ಎಂದು ಒಬ್ಬರು ಬರೆದರು. ಅದಕ್ಕೆ ಹಲವರು ಹೆಬ್ಬೆರಳು ಎತ್ತಿದರು. ಅವರೆಲ್ಲರ ಅಡುಗೆಮನೆಯಲ್ಲೂ ನೀರು ಶುದ್ಧ ಮಾಡುವ ಯಂತ್ರವಿದೆ. ನನ್ನ ಗಂಡ ಪಕ್ಕದಲ್ಲಿ ಕುಳಿತು, ಮಕ್ಕಳ ಉಸಾಬರಿಯೇ ಬೇಡ, ಡೇಟಾ ಕೋರ್ಸು ಮಾಡು, ಸ್ಪ್ರೆಡ್‌ಶೀಟಿಗೆ ಅಲರ್ಜಿ ಇರುವುದಿಲ್ಲ ಎಂದರು. ಅವ್ವನ ರೋಗನಿದಾನ ಬೇರೆಯೇ.

"ಎಳ್ಳಿಂದ ಯಾರರ ಸಾಯ್ತಾರೇನವಾ? ಆ ಕೂಸಿಗೆ ಯಾರದೋ ದೃಷ್ಟಿ ಆಗೇದ."

ಕಾಲೇಜಿನ ಮೇಡಂ ಮಾತ್ರ ವೃತ್ತಿಪರರು. ನಡೆದದ್ದರ ಬಗ್ಗೆ ಆತ್ಮಾವಲೋಕನದ ಪ್ರಬಂಧ ಬರೆಯಲು ಹೇಳಿದರು: ಏನಾಯಿತು, ಏನನ್ನಿಸಿತು, ಮುಂದಿನ ಸಲ ಏನು ಮಾಡುವಿರಿ. ಬಾಗಿಲನ್ನು ಎಳೆಯುತ್ತೇನೆ ಎಂದು ಬರೆದೆ. ಅದು ತೀರಾ ಚಿಕ್ಕದಾಯಿತು, ಇನ್ನಷ್ಟು ವಿಸ್ತರಿಸಿ ಎಂದರು. ವಿಸ್ತರಿಸಿದೆ. ಆ ಟರ್ಮಿನಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದದ್ದು ಅದಕ್ಕೇ. ನನ್ನ ಭಯದ ರಚನೆ ಬಹಳ ಚೆನ್ನಾಗಿದೆ ಎಂಬರ್ಥದ ಟಿಪ್ಪಣಿಯೂ ಇತ್ತು. ಕಣ್ಣಿನ ಕೆಳಗಿನ ಕಪ್ಪನ್ನು ನೋಡಿ, ವಸಂತಕಾಲದಲ್ಲಿ ನಡೆಯಲಿದ್ದ ಒತ್ತಡ ಮತ್ತು ನಿದ್ದೆ ಕುರಿತ ಕಾರ್ಯಾಗಾರಕ್ಕೆ ನನ್ನ ಹೆಸರು ಸೇರಿಸಿದರು. ಅಲ್ಲಿಯವರೆಗೆ ಹೇಗಾದರೂ ನಿಭಾಯಿಸುವುದು ನನಗೇ ಬಿಟ್ಟದ್ದು.

ಡಾಕ್ಟರ ಹೆಂಡತಿ ಗೇಟಿಗೆ ಬರುವುದನ್ನೇ ನಿಲ್ಲಿಸಿದ್ದರು. ಮಗಳನ್ನು ಕರೆದೊಯ್ಯಲು ಗಂಡ ಬರುತ್ತಿದ್ದರು, ಯಾರ ಮುಖವನ್ನೂ ನೋಡದೆ. ಫೆಬ್ರವರಿಯ ಒಂದು ಶನಿವಾರ ರೇನರ್ಸ್ ಲೇನಿನ ಅಂಗಡಿಯಲ್ಲಿ ಆಕೆ ನನಗೆ ಸಿಕ್ಕರು. ಕೈಯಲ್ಲಿ ಹಪ್ಪಳದ ಪ್ಯಾಕೆಟ್ ಹಿಡಿದು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತಿದ್ದರು. ತಪ್ಪಿಸಿಕೊಂಡು ಹೋಗೋಣವೆಂದುಕೊಂಡೆ; ಅಷ್ಟರಲ್ಲಿ ನನ್ನನ್ನು ನೋಡಿಯಾಗಿತ್ತು.

ಆ ಮಗುವಿನ ಮನೆಗೆ ಕ್ಷಮೆ ಕೇಳಲು ಹೋಗಿದ್ದನ್ನು ಅವರಾಗಿಯೇ ಹೇಳಿದರು. "ಬರೀ ಕೈಲಿ ಹೆಂಗ್ ಹೋಗೋದು ಹೇಳಿ? ಮೈಸೂರ್ ಪಾಕ್ ಮಾಡ್ಕೊಂಡ್ ಹೋಗಿದ್ದೆ."

ನಾನು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟೆ.

"ಅವ್ರ ಮನೆ ಬಾಗ್ಲಲ್ಲಿ ನಮ್ಮನೆಯವ್ರು ನನ್ ಕೈಲಿರೋ ಡಬ್ಬಿ ನೋಡಿದ್ರು. ಬಾಯಲ್ಲಿ ಒಂದು ಮಾತಿಲ್ಲ ಕಣ್ರೀ. ಕಿತ್ಕೊಂಡ್ ಹೋಗಿ ಕಾರಲ್ಲಿಟ್ ಬಂದ್ರು."

ಇಬ್ಬರಿಗೂ ನಗು ಬಂತು. ಹಪ್ಪಳ, ಉಪ್ಪಿನಕಾಯಿಗಳ ನಡುವೆ ನಿಂತು, ನಗಬಾರದ ವಿಷಯಕ್ಕೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಆಕೆಯದು ನಗುವಿನಲ್ಲೇ ಅಳುವಾಗಿ ತಿರುಗಿತು. ಮಗುವಿನ ತಾಯಿ ಬೈದಿದ್ದರೆ ಚೆನ್ನಾಗಿತ್ತು, ಆಕೆ ಕೂರಿಸಿ ಚಹಾ ಕೊಟ್ಟಳು ಎಂದರು. ಆಮೇಲೆ ಕೇಳಿದರು.

"ನಿಮ್ಗೆ ನಿದ್ದೆ ಬರತ್ತಾ?"

"ಇಲ್ಲಕ್ಕಾ."

"ನಂಗೂ ಇಲ್ಲ. ಮನೇಲಿರೋರು ಊರಿಗೆಲ್ಲ ನಿದ್ದೆ ಬರಿಸ್ತಾರೆ, ನಂಗ್ ಬರಿಸೋಕ್ ಮಾತ್ರ ಕೈಲಾಗಲ್ಲ ಅಂತಾರೆ." ಕಣ್ಣು ಒರೆಸಿಕೊಂಡು ಹಪ್ಪಳವನ್ನು ವಾಪಸು ಇಟ್ಟರು. "ಅವತ್ತು ಮನೇಲಿ ಅಂದಿದ್ನಲ್ಲ, ಅದಕ್ಕೂ ಓದ್ಬೇಕಾ ಅಂತ. ಓದಿ ಕಣ್ರೀ. ಬಿಡ್ಬೇಡಿ."

ಹೇಳುವುದು ಸುಲಭ, ಆಕೆಯ ಮುಂದೆ ಗುಂಡಿ ಇರಲಿಲ್ಲ. ಮಾರ್ಚ್ ಬಂತು. ಸೀಟು ಬೇಡವೆಂದು ಯೂನಿವರ್ಸಿಟಿಗೆ ಸಭ್ಯವಾದ ಇಂಗ್ಲಿಷಿನಲ್ಲಿ ಮೇಲ್ ಬರೆದಿಟ್ಟೆ. ಕಾಲೇಜಿನ ಇಂಗ್ಲಿಷ್ ಪಾಠ ಕೊನೆಗೂ ಒಂದು ಉಪಯೋಗಕ್ಕೆ ಬಂತು.

ಅದನ್ನು ಕಳಿಸುವ ಮೊದಲು ಶಾಲೆಯ ಪ್ರವಾಸ ಬಂತು, ಟ್ಯೂಬಿನಲ್ಲಿ ಸ್ಟ್ರಾಟ್‌ಫರ್ಡಿನ ಪಾರ್ಕಿಗೆ. ಹೊರಡುವ ಬೆಳಗ್ಗೆ ಶಿಕ್ಷಕಿ ಹಸಿರು ಬ್ಯಾಗನ್ನು ನನ್ನ ಕುತ್ತಿಗೆಗೆ ಹಾಕಿದಳು. ನನ್ನಿಂದ ಆಗುವುದಿಲ್ಲ ಎಂದೆ. ಬೇರೆ ಯಾರಿಗಾದರೂ ಕೊಡು, ನನಗೆ ಈಗಲೂ ಭಯ ಎಂದೆ. ಅವಳು ಮಕ್ಕಳ ಹಳದಿ ಜಾಕೆಟ್ಟುಗಳ ಗುಂಡಿ ಹಾಕುತ್ತಲೇ, ಆ ದಿನ ಆಂಬ್ಯುಲೆನ್ಸು ಹೋದ ಮೇಲೆ ತಾನು ಸಿಬ್ಬಂದಿಯ ಟಾಯ್ಲೆಟ್ಟಿನಲ್ಲಿ ವಾಂತಿ ಮಾಡಿದ್ದೆನೆಂದು, ಸ್ವೆಟರಿನ ವಿಷಯ ಹೇಳುವ ದನಿಯಲ್ಲೇ ಹೇಳಿದಳು. ಭಯವಿಲ್ಲದವರ ಕೈಗೆ ಆ ಬ್ಯಾಗನ್ನು ತಾನು ಕೊಡುವುದಿಲ್ಲವೆಂದೂ ಹೇಳಿದಳು. ಕಾಲೇಜಿನ ಸ್ಲೈಡಿನಲ್ಲಿ ಈ ಮಾತಿದ್ದಿದ್ದರೆ ನಾನು ಆಕಳಿಸುತ್ತಿದ್ದೆ.

ಟ್ಯೂಬಿನಲ್ಲಿ ಗುಂಗುರು ಕೂದಲಿನ ಹುಡುಗಿ ನನ್ನ ಪಕ್ಕದಲ್ಲೇ ಕುಳಿತಳು. ಅವಳ ಭಾಷೆ ಇಂಗ್ಲಿಷೇ. ಅವಳ ಗತ್ತು ಮಾತ್ರ ನಮ್ಮ ಧಾರವಾಡದ ಹೆಡ್‌ಮಾಸ್ತರರದು.

"ನನ್ನ ಪೆನ್ ತಂದಿದ್ದೀರಾ? ತೋರಿಸಿ."

ತೋರಿಸಿದೆ. ಎರಡನ್ನೂ ತೆಗೆಸಿ, ಔಷಧದ ಅವಧಿ ಮುಗಿಯುವ ತಿಂಗಳನ್ನು ಅಕ್ಷರ ಕೂಡಿಸಿ ಓದಿ, ಸರಿಯಿದೆ ಎಂದು ವಾಪಸು ಕೊಟ್ಟಳು.

"ಅವತ್ತು ನೀವು ಅಳ್ತಿದ್ರಿ, ಮಿಸ್."

"ಇಲ್ಲಪ್ಪ."

"ಅಳ್ತಿದ್ರಿ. ಮೂಗು ಸೋರ್ತಿತ್ತು. ನಾನು ನೋಡಿದೆ."

ನಾನು ಇಷ್ಟು ದಿನ ಅವಳ ಮುಖವನ್ನು ಮಾತ್ರ ನೋಡುತ್ತಿದ್ದೆ. ಅವಳೂ ನನ್ನನ್ನು ನೋಡುತ್ತಿದ್ದಳೆಂದು ತಿಳಿದಿರಲಿಲ್ಲ. ಬಾಗಿಲಿನ ವಿಷಯ ಅವಳಿಗೆ ಗೊತ್ತಿದೆಯೇ ಎಂದು ಕೇಳಿದೆ. ಯಾವ ಬಾಗಿಲು ಎಂದಳು. ಅವಳ ಕಥೆಯಲ್ಲಿ ಬಾಗಿಲೇ ಇರಲಿಲ್ಲ. ನಾನು ಬ್ಯಾಗು ತಂದೆ, ಪೆನ್ನು ಚುಚ್ಚಿದಾಗ ನೋವಾಯಿತು, ಆಂಬ್ಯುಲೆನ್ಸಿನಲ್ಲಿ ಸ್ಟಿಕ್ಕರ್ ಕೊಟ್ಟರು, ಅಷ್ಟೇ.

ಪಾರ್ಕಿನ ಹುಲ್ಲಿನ ಮೇಲೆ ಊಟಕ್ಕೆ ಕುಳಿತಾಗ ಅವಳು ತನ್ನ ಡಬ್ಬಿಯಿಂದ ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದಳು. ಅಮ್ಮ ಹೊಸದು ತಂದಿದ್ದಾಳೆ, ಅವಳು ಓದಿದ್ದಾಳೆ, ನೀವೂ ಓದಿ ಎಂದು ನನ್ನ ಮುಂದೆ ಹಿಡಿದಳು. ಓದಿದೆ. ಗೋಧಿಹಿಟ್ಟಿನಿಂದ ಹಿಡಿದು ಕಾರ್ಖಾನೆಯಲ್ಲಿ ಇನ್ನೇನೇನು ತಯಾರಾಗುತ್ತದೆ ಎಂಬುದರವರೆಗೆ, ಮಂತ್ರದಲ್ಲಿ ಸ್ವರ ತಪ್ಪಬಾರದೆನ್ನುವವರ ಹಾಗೆ, ಗಟ್ಟಿಯಾಗಿ ಓದಿದೆ. ಎಳ್ಳಿರಲಿಲ್ಲ. ಇನ್ನೊಮ್ಮೆ ಓದಿದೆ. ಆಮೇಲೆ ತಿನ್ನು ಎಂದೆ. ಆ ಪದವನ್ನು ಬಾಯಿಂದ ಹೊರಡಿಸುವುದು ಎಷ್ಟು ಕಷ್ಟವಾಯಿತೆಂದು ಯಾವ ಪ್ರಬಂಧದಲ್ಲೂ ವಿಸ್ತರಿಸಲಾರೆ.

ಅವಳು ತಿಂದಳು. ನಾನು ಅವಳ ತುಟಿಯನ್ನೇ ನೋಡುತ್ತ, ಬ್ಯಾಗಿನ ಜಿಪ್ಪಿನ ಮೇಲೆ ಕೈಯಿಟ್ಟು ಕುಳಿತಿದ್ದೆ. ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ಅಷ್ಟು ಗಮನವಿಟ್ಟು ನಾನು ಎಂದೂ ನೋಡಿರಲಿಲ್ಲ. ಬಿಸ್ಕತ್ತು ಮುಗಿಸಿ, ಪುಡಿಯನ್ನು ನನ್ನ ಸ್ಕರ್ಟಿಗೆ ಒರೆಸಿ, ಜಾರುಬಂಡೆಯ ಕಡೆಗೆ ಓಡಿದಳು. ನಾನೂ ಹಿಂದೆಯೇ ಓಡಿದೆ, ಬ್ಯಾಗು ಎದೆಗೆ ಬಡಿಯುತ್ತ.

ಸಂಜೆ ಶಾಲೆಗೆ ಮರಳಿ ಬ್ಯಾಗನ್ನು ಕಪಾಟಿನಲ್ಲಿಡಲು ಹೋದೆ. ಬಾಗಿಲನ್ನು ಎಳೆದೆ, ತೆರೆಯಿತು. ಬಾಗಿಲಿನ ಕೆಲಸವೇ ಅದು, ಹೆಗ್ಗಳಿಕೆಯೇನಿಲ್ಲ. ಮನೆಗೆ ಬಂದು ಬರೆದಿಟ್ಟಿದ್ದ ಮೇಲ್ ಅಳಿಸಿ, ಕೈಕಾಲು ಸಹ ತೊಳೆಯದೆ ಒಪ್ಪಿಗೆಯ ಗುಂಡಿ ಒತ್ತಿದೆ. ಅಂದು ಅಮಾವಾಸ್ಯೆ ಎಂದು ಆಮೇಲೆ ತಿಳಿಯಿತು. ಅವ್ವನಿಗೆ ಈವರೆಗೂ ಹೇಳಿಲ್ಲ.

ಮರುದಿನ ಗಂಡ ನನ್ನ ಭುಜ ಅಲ್ಲಾಡಿಸುತ್ತಿದ್ದರು. ಅಲಾರಂ ಬಡಿದುಕೊಂಡು ತಾನೇ ಸುಮ್ಮನಾಗಿತ್ತಂತೆ. ಪರದೆಯ ಸಂದಿಯಿಂದ ಬಿಸಿಲು ಹಾಸಿಗೆಯ ಅರ್ಧದವರೆಗೆ ಬಂದಿತ್ತು.

"ಏಯ್, ಒಂಬತ್ತೂವರೆ ಆಯ್ತು ಕಣೇ. ಉಸಿರಾಡ್ತಿದೀಯಾ?"

ಹೌದು ಎಂದೆ, ಈ ಸಲ ಅನುಮಾನವಿಲ್ಲದೆ. ಕಾಲೇಜಿನಲ್ಲಿ ಒತ್ತಡ ಮತ್ತು ನಿದ್ದೆ ಕುರಿತ ಕಾರ್ಯಾಗಾರ ಒಂಬತ್ತಕ್ಕೇ ಶುರುವಾಗಿತ್ತು. ನಿದ್ದೆ ಮಾಡುತ್ತಿದ್ದುದರಿಂದ ಹೋಗಲಾಗಲಿಲ್ಲ.